ಸಾರಾಗಢಿಯ ಈಶರ್ ಸಿಂಗ್ ಬಗ್ಗೆ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಕನ್ನಡದಲ್ಲಿ ಕೈಪಿಡಿ ಬರೆಯುವವರಿಗೆ, ಪತ್ರಿಕೆಗಳ ಪುರವಣಿ ನೋಡಿಕೊಳ್ಳುವ ಸಂಪಾದಕರಿಗೆ, ವರ್ಷವರ್ಷವೂ ಸೆಪ್ಟೆಂಬರ್ 12 ಹತ್ತಿರವಾದಾಗ ಸಾರಾಗಢಿಯನ್ನು ನೆನೆಯುವ ಎಲ್ಲ ಲೇಖಕರಿಗೆ

ಮಾನ್ಯರೇ,

ಹವಾಲ್ದಾರ್ ಈಶರ್ ಸಿಂಗ್ ಮತ್ತು ಅವರ ಕೈಕೆಳಗಿನ ಇಪ್ಪತ್ತು ಮಂದಿ 1897ರ ಸೆಪ್ಟೆಂಬರ್ 12ರಂದು ವಾಯವ್ಯ ಗಡಿಯ ಸಾರಾಗಢಿ ಎಂಬ ಪುಟ್ಟ ಠಾಣೆಯನ್ನು ಸುಮಾರು ಹತ್ತು ಸಾವಿರ ಪಠಾಣರ ಎದುರು ಕಾಯುತ್ತ ಮಡಿದರು. ಆ ಕೆಲಸಕ್ಕೆ ಉಪ್ಪು ಖಾರ ಹಚ್ಚುವ ಅಗತ್ಯವೇ ಇಲ್ಲ. ಆದರೂ ಕನ್ನಡದಲ್ಲಿ ಬರುತ್ತಿರುವ ಬರಹಗಳಲ್ಲಿ ಹಚ್ಚಿದ್ದೇ ಜಾಸ್ತಿ, ನಡೆದದ್ದು ಕಡಿಮೆ. ಯುನೆಸ್ಕೋ ಪಟ್ಟಿ, ರಾಣಿಯ ಭಾಷಣ, ಸತ್ತವರು 4,800, ಕೇಸರಿ ಪೇಟ ಇವೆಲ್ಲ ಒಬ್ಬರಿಂದ ಒಬ್ಬರಿಗೆ ನಕಲಾಗಿ ಈಗ ಪ್ರಶ್ನೆಪತ್ರಿಕೆಗೆ ಉತ್ತರ ಹುಡುಕುವ ಹುಡುಗರ ನೋಟ್ಸಿನೊಳಗೂ ಕೂತಿವೆ. ಮಡಿದವರ ಹೆಸರು ಮಾತ್ರ ಬಹುತೇಕ ಬರಹಗಳಲ್ಲಿ ಎರಡಕ್ಕೆ ನಿಲ್ಲುತ್ತದೆ. ಸೈನ್ಯದ ಇತಿಹಾಸವನ್ನು ಓದಿಕೊಂಡಿರುವ ನಮ್ಮ ಕೋರಿಕೆ ಇಷ್ಟೇ: ಈ ಮನುಷ್ಯನ ಬಗ್ಗೆ ಬರೆಯುವಾಗ ಆ ಠಾಣೆ, ಆ ಬಂದೂಕು, ಆ ಪದಕ ಹೇಗೆ ಕೆಲಸ ಮಾಡುತ್ತಿದ್ದವು ಎಂಬುದನ್ನು ಮೊದಲು ತಿಳಿದುಕೊಳ್ಳಿ. ಅದು ಗೊತ್ತಿದ್ದರೆ ಯಾವ ಮಾತು ನಂಬಬಹುದು, ಯಾವುದು ಗಾಳಿಮಾತು ಎಂಬುದು ತಾನಾಗಿಯೇ ಬೇರೆಯಾಗುತ್ತದೆ.

ಈಶರ್ ಸಿಂಗ್ ಅವರ ಬದುಕಿನ ಬಗ್ಗೆ ಗಟ್ಟಿಯಾಗಿ ಹೇಳಬಹುದಾದದ್ದು ಒಂದು ಪುಟಕ್ಕಿಂತ ಹೆಚ್ಚಿಲ್ಲ. ಹುಟ್ಟಿದ್ದು 1858ರಲ್ಲಿ, ಪಂಜಾಬಿನ ಲುಧಿಯಾನ ಜಿಲ್ಲೆಯಲ್ಲಿ, ಜಗರಾಂವ್ ಹತ್ತಿರದ ಝೋರಡಾಂ ಎಂಬ ಹಳ್ಳಿಯಲ್ಲಿ. ಹದಿನೆಂಟರ ಆಸುಪಾಸಿನಲ್ಲಿ ಪಂಜಾಬ್ ಫ್ರಾಂಟಿಯರ್ ಫೋರ್ಸ್ ಸೇರಿದರು. 1887ರಲ್ಲಿ ಜಲಂಧರಿನಲ್ಲಿ 36ನೇ ಸಿಖ್ಸ್ ಎಂಬ ಹೊಸ ಪಲ್ಟನ್ ಕಟ್ಟಿದಾಗ ಅಲ್ಲಿಗೆ ಬಂದರು. ಪಲ್ಟನ್ನಿನಲ್ಲಿ ಅವರ ಸಂಖ್ಯೆ 165. ಸಾಯುವಾಗ ಇಪ್ಪತ್ತು ವರ್ಷದ ಸರ್ವೀಸು ಮುಗಿಸಿದ್ದ ಹವಾಲ್ದಾರ್. ಅಂದರೆ ಈಗಿನ ಲೆಕ್ಕದಲ್ಲಿ ಸಾರ್ಜೆಂಟ್ ದರ್ಜೆ, ಅಧಿಕಾರಿಯಲ್ಲ. 'ಕ್ಯಾಪ್ಟನ್ ಈಶರ್ ಸಿಂಗ್' ಎಂದು, 'ಸುಬೇದಾರ್ ಈಶರ್ ಸಿಂಗ್' ಎಂದು ಬರೆಯಬೇಡಿ. ಸುಬೇದಾರ್, ಜಮಾದಾರ್ ದರ್ಜೆಯವರು ಯಾರೂ ಅಂದು ಆ ಠಾಣೆಯಲ್ಲಿ ಇರಲಿಲ್ಲ. ಒಬ್ಬ ಹವಾಲ್ದಾರ್, ಒಬ್ಬ ನಾಯಕ್, ಒಬ್ಬ ಲ್ಯಾನ್ಸ್ ನಾಯಕ್, ಹದಿನೆಂಟು ಸಿಪಾಯಿಗಳು, ಅಷ್ಟೇ. ಅಂಥ ದಿನ ಠಾಣೆಯ ಹೊಣೆ ಒಬ್ಬ ಹವಾಲ್ದಾರನ ಹೆಗಲ ಮೇಲಿತ್ತು ಎಂಬುದು ದರ್ಜೆಯನ್ನು ಸರಿಯಾಗಿ ಬರೆದರೆ ಮಾತ್ರ ಓದುಗನಿಗೆ ತಟ್ಟುತ್ತದೆ.

ಅವರ ಸ್ವಭಾವದ ಬಗ್ಗೆ ಎಲ್ಲರೂ ಬಳಸುವ ಒಂದು ಮಾತಿದೆ. ಶಿಬಿರದಲ್ಲಿದ್ದರೆ ಮೇಲಿನವರಿಗೆ ತಲೆನೋವು, ರಣರಂಗಕ್ಕಿಳಿದರೆ ಸಾಟಿಯಿಲ್ಲದವನು ಎಂಬರ್ಥದ ಮಾತು. ಇದನ್ನು ಬರೆದವರು ಜೇಮ್ಸ್ ಲಂಟ್ ಎಂಬ ಬ್ರಿಟಿಷ್ ಮೇಜರ್ ಜನರಲ್. ಅವರು ಹುಟ್ಟಿದ್ದು 1917ರಲ್ಲಿ. ಈಶರ್ ಸಿಂಗ್ ತೀರಿಕೊಂಡು ಆಗಲೇ ಇಪ್ಪತ್ತು ವರ್ಷ. ಮಾತು ಚೆನ್ನಾಗಿದೆ, ಬಳಸಿ. ಆದರೆ 'ಅವರ ಕಮಾಂಡರ್ ಹೀಗೆನ್ನುತ್ತಿದ್ದರು' ಎಂದು ಮಾತ್ರ ಬರೆಯಬೇಡಿ.

ಇನ್ನು ಜಾಗದ ಮಾತು. ಸಮಾನಾ ಎಂಬುದು ಪೂರ್ವ ಪಶ್ಚಿಮವಾಗಿ ಚಾಚಿಕೊಂಡ ಒಂದು ಬೆಟ್ಟಸಾಲು, ಸುಮಾರು 6,000 ಅಡಿ ಎತ್ತರ. ಈಗ ಅದು ಪಾಕಿಸ್ತಾನದ ಖೈಬರ್ ಪಖ್ತೂನ್‌ಖ್ವಾ ಪ್ರಾಂತ್ಯದ ಹಂಗೂ ಜಿಲ್ಲೆಯಲ್ಲಿದೆ. 1891ರ ಮೀರಾನ್‌ಝೈ ದಂಡಯಾತ್ರೆಯ ನಂತರ ಬ್ರಿಟಿಷರು ಈ ಸಾಲಿನ ಮೇಲೆ ಠಾಣೆಗಳನ್ನು ಗಟ್ಟಿ ಮಾಡಿಕೊಂಡರು. ಪೂರ್ವಕ್ಕೆ ಲಾಕ್‌ಹಾರ್ಟ್ ಕೋಟೆ, ಪಶ್ಚಿಮಕ್ಕೆ ಗುಲಿಸ್ತಾನ್ ಕೋಟೆ. ನಡುವೆ ಕೆಲವೇ ಮೈಲಿ, ಆದರೆ ಬೆಟ್ಟದ ಉಬ್ಬು ಅಡ್ಡ ಬಂದು ಒಂದು ಕೋಟೆಗೆ ಇನ್ನೊಂದು ಕಾಣುತ್ತಿರಲಿಲ್ಲ. ಆ ಉಬ್ಬಿನ ಮೇಲೆ ಕಟ್ಟಿದ ಪುಟ್ಟ ಕಲ್ಲಿನ ಠಾಣೆಯೇ ಸಾರಾಗಢಿ. ಅದರ ಕೆಲಸ ಒಂದೇ: ಈ ಕಡೆಯ ಸುದ್ದಿಯನ್ನು ಆ ಕಡೆಗೆ ದಾಟಿಸುವುದು. 'ಸಾರಾಗಢಿ ಕೋಟೆ' ಎಂದು ಬರೆದ ಕೂಡಲೇ ಓದುಗನ ಕಣ್ಣಿಗೆ ಚಿತ್ರದುರ್ಗವೋ ಬಳ್ಳಾರಿಯೋ ಬಂದು ನಿಲ್ಲುತ್ತದೆ. ಅಲ್ಲಿ ಇದ್ದದ್ದು ಒಂದು ಬ್ಲಾಕ್‌ಹೌಸು, ಅಂದರೆ ಸಣ್ಣ ಗಟ್ಟಿ ಕಾವಲುಮನೆ, ಸುತ್ತ ಬಂದೂಕಿನ ಕಿಂಡಿ ಬಿಟ್ಟ ಗೋಡೆ, ಸಿಗ್ನಲ್ ಕೊಡಲು ಒಂದು ಗೋಪುರ. ಬಾಗಿಲು ಮರದ್ದು, ಕಬ್ಬಿಣದ ತಗಡು ಹೊಡೆದಿರಲಿಲ್ಲ.

ಎದುರಾಳಿಗಳು ಯಾರು ಎಂಬಲ್ಲೂ ಎಡವಟ್ಟು ಆಗುತ್ತಿದೆ. 'ಅಫ್ಘಾನ್ ಸೈನ್ಯ' ಎಂದು ಅನೇಕ ಕೈಪಿಡಿಗಳಲ್ಲಿದೆ. ಬಂದದ್ದು ಕಾಬೂಲಿನ ಅಮೀರನ ಸೈನ್ಯವಲ್ಲ, ಒರಕ್‌ಝೈ ಮತ್ತು ಅಫ್ರಿದಿ ಬುಡಕಟ್ಟುಗಳ ಪಠಾಣರು. 1893ರ ಡ್ಯೂರಾಂಡ್ ಒಪ್ಪಂದದ ಗೆರೆ ಅವರ ಸೀಮೆಯ ಮೇಲೆ ಬಿದ್ದಿತ್ತು, ತಮ್ಮ ಬೆಟ್ಟದ ಮೇಲೆ ಪರರ ಠಾಣೆಗಳು ಎದ್ದಿದ್ದವು. 1897ರ ಬೇಸಿಗೆ, ಮಳೆಗಾಲದಲ್ಲಿ ಇಡೀ ವಾಯವ್ಯ ಗಡಿ ಹೊತ್ತಿಕೊಂಡಿತು. ಈ ಹಿನ್ನೆಲೆ ಎರಡು ಸಾಲಿನಲ್ಲಾದರೂ ಇರಲಿ. ಎದುರಿನವರನ್ನು ರಾಕ್ಷಸರನ್ನಾಗಿ ಮಾಡಿದರೆ ಈಶರ್ ಸಿಂಗ್ ದೊಡ್ಡವರಾಗುವುದಿಲ್ಲ. ಅವರು ಬ್ರಿಟಿಷರ ಸಂಬಳದ ಸಿಪಾಯಿ, ಬ್ರಿಟಿಷ್ ಸಾಮ್ರಾಜ್ಯದ ಗಡಿ ಕಾಯುತ್ತಿದ್ದರು ಎಂಬುದನ್ನೂ ಮುಚ್ಚಿಡಬೇಕಿಲ್ಲ. 'ಭಾರತದ ಸ್ವಾತಂತ್ರ್ಯಕ್ಕಾಗಿ ಮಡಿದರು' ಎಂಬ ವಾಕ್ಯವನ್ನು ದಯವಿಟ್ಟು ಹೊಡೆದುಹಾಕಿ.

ಈಗ ಹೀಲಿಯೋಗ್ರಾಫ್, ಅಂದರೆ ಕನ್ನಡಿಯಿಂದ ಬಿಸಿಲು ಹೊಳೆಯಿಸಿ ದೂರಕ್ಕೆ ಸುದ್ದಿ ಕಳಿಸುವ ಯಂತ್ರ. ಈ ಯಂತ್ರವನ್ನು ಅರ್ಥ ಮಾಡಿಕೊಳ್ಳದೆ ಆ ದಿನದ ಕಥೆ ಬರೆಯಲು ಬರುವುದಿಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇವೆ. ಮುಕ್ಕಾಲಿಯ ಮೇಲೆ ಕೂರಿಸಿದ ಐದು ಅಂಗುಲದ ದುಂಡು ಕನ್ನಡಿ. ಕನ್ನಡಿಯ ನಟ್ಟನಡುವೆ ಸಣ್ಣ ಚುಕ್ಕೆಯಷ್ಟು ಜಾಗದಲ್ಲಿ ರಸ ಬಳಿದಿರುವುದಿಲ್ಲ. ಸಿಗ್ನಲರ್ ಆ ಚುಕ್ಕೆಯ ಮೂಲಕ ನೋಡುತ್ತ, ಮುಂದಿರುವ ಸಣ್ಣ ಗುರಿಕಡ್ಡಿಯನ್ನು ದೂರದ ಕೋಟೆಗೆ ಸರಿಯಾಗಿ ಹೊಂದಿಸಬೇಕು. ನಂತರ ಕನ್ನಡಿಯನ್ನು ತಿರುಗಿಸಿ, ಬಾಗಿಸಿ, ಆ ಚುಕ್ಕೆಯ ನೆರಳು ಗುರಿಕಡ್ಡಿಯ ಮೇಲೆ ಬೀಳುವಂತೆ ಮಾಡಬೇಕು. ಹಿಂದಿರುವ ಕೀಲಿಯನ್ನು ಒತ್ತಿದರೆ ಕನ್ನಡಿ ಒಂದಿಷ್ಟೇ ಬಾಗಿ ಬಿಸಿಲು ಎದುರಿನ ಕೋಟೆಯ ಮೇಲೆ ಹೊಳೆಯುತ್ತದೆ. ಬಿಟ್ಟರೆ ಹೊಳಪು ತಪ್ಪುತ್ತದೆ. ಸ್ವಲ್ಪ ಒತ್ತಿದರೆ ಮೋರ್ಸ್ ಸಂಕೇತದ ಚುಕ್ಕೆ, ಹೆಚ್ಚು ಹೊತ್ತು ಒತ್ತಿದರೆ ಗೆರೆ; ಚುಕ್ಕೆ ಗೆರೆ ಸೇರಿಯೇ ಅಕ್ಷರ.

ಕಷ್ಟ ಎಲ್ಲಿ ಎಂದರೆ ಸೂರ್ಯ ನಿಲ್ಲುವುದಿಲ್ಲ. ಆಕಾಶದಲ್ಲಿ ಸೂರ್ಯಬಿಂಬದ ಅಗಲ ಸುಮಾರು ಅರ್ಧ ಡಿಗ್ರಿ, ಹಾಗಾಗಿ ಕನ್ನಡಿಯಿಂದ ಹೊರಟ ಹೊಳಪೂ ಅಷ್ಟೇ ಕೋನದಲ್ಲಿ ಹರಡುತ್ತದೆ. ಲಾಕ್‌ಹಾರ್ಟ್ ಕೋಟೆ ಅಲ್ಲಿಂದ ಸುಮಾರು ಒಂದೂವರೆ ಮೈಲಿ. ಅಷ್ಟು ದೂರದಲ್ಲಿ ಹೊಳಪಿನ ಅಗಲ ಇಪ್ಪತ್ತು ಮೀಟರಿನ ಆಚೀಚೆ. ಸೂರ್ಯ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತಾನೆ. ಕನ್ನಡಿಯನ್ನು ಮುಟ್ಟದೆ ಬಿಟ್ಟರೆ ಒಂದೆರಡು ನಿಮಿಷದಲ್ಲಿ ಹೊಳಪು ಕೋಟೆಯನ್ನು ಬಿಟ್ಟು ಪಕ್ಕಕ್ಕೆ ಹೋಗುತ್ತದೆ. ಅಂದರೆ ಒಂದು ಕೈ ಕೀಲಿಯ ಮೇಲೆ, ಇನ್ನೊಂದು ಕೈ ಕನ್ನಡಿಯ ತಿರುಪಿನ ಮೇಲೆ, ಕಣ್ಣು ನೆರಳಿನ ಚುಕ್ಕೆಯ ಮೇಲೆ ಇರಲೇಬೇಕು. ಸೂರ್ಯ ಬೆನ್ನ ಹಿಂದೆ ಹೋದರೆ ಒಂದು ಕನ್ನಡಿ ಸಾಲದು, ಎರಡನೆಯದನ್ನು ಜೋಡಿಸಿ ಬಿಸಿಲನ್ನು ಮೊದಲನೆಯದಕ್ಕೆ ತಿರುಗಿಸಬೇಕು. ಪೂರ್ವದ ಲಾಕ್‌ಹಾರ್ಟಿಗೆ ಮಧ್ಯಾಹ್ನದ ಮೇಲೆ ಸಂದೇಶ ಕಳಿಸುವವನಿಗೆ ಈ ಗೋಳು ಇದ್ದದ್ದೇ. ಮೋಡ ಬಂದರೆ ಯಂತ್ರ ಮೂಲೆಗೆ, ಬಾವುಟ ಕೈಗೆ. ಪಳಗಿದ ಕೈಯಾದರೂ ನಿಮಿಷಕ್ಕೆ ಹತ್ತು ಹನ್ನೆರಡು ಪದ ದಾಟಿಸಿದರೆ ಹೆಚ್ಚು. ಈ ಕೆಲಸಕ್ಕೆ ಮಾಮೂಲಿಯಾಗಿ ಒಬ್ಬ ದುರ್ಬೀನಿನಲ್ಲಿ ಎದುರಿನ ಹೊಳಪನ್ನು ಓದುವವ, ಒಬ್ಬ ಬರೆದುಕೊಳ್ಳುವವ, ಒಬ್ಬ ಕೀಲಿ ಒತ್ತುವವ ಬೇಕು. ಅಂದು ಸಾರಾಗಢಿಯಲ್ಲಿ ಇವೆಲ್ಲವನ್ನೂ ಮಾಡಿದವರು ಸಿಪಾಯಿ ಗುರ್ಮುಖ್ ಸಿಂಗ್ ಒಬ್ಬರೇ.

ಇಷ್ಟು ತಿಳಿದ ಮೇಲೆ, ನಿಮ್ಮ ಲೇಖನಗಳಲ್ಲಿ ಈಶರ್ ಸಿಂಗ್ ಹೀಲಿಯೋಗ್ರಾಫಿನಲ್ಲಿ ಕರ್ನಲ್‌ಗೆ ಕಳಿಸುವ ಉದ್ದುದ್ದ ಭಾಷಣಗಳನ್ನು ನೀವೇ ಇನ್ನೊಮ್ಮೆ ಓದಿ ನೋಡಿ. ಗುಂಡಿನ ಮಳೆಯ ನಡುವೆ ಗೋಪುರದ ಮೇಲೆ ನಿಂತು ಅಕ್ಷರ ಅಕ್ಷರವಾಗಿ ಒತ್ತುವವನು ಪದ್ಯದಂಥ ವಾಕ್ಯಗಳನ್ನು ಕಳಿಸಲಾರ. ಬಂದ ಸಂದೇಶಗಳು ಗಿಡ್ಡ, ಒಣ, ಕೆಲಸದ ಸಂದೇಶಗಳು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ಶತ್ರು ಠಾಣೆಯ ಹತ್ತಿರ ಬರುತ್ತಿದ್ದಾನೆ. ಲಾಕ್‌ಹಾರ್ಟಿನಲ್ಲಿದ್ದ ಲೆಫ್ಟಿನೆಂಟ್ ಕರ್ನಲ್ ಜಾನ್ ಹಾಟನ್ ಅವರಿಂದ ಉತ್ತರ, ತಕ್ಷಣಕ್ಕೆ ನೆರವು ಕಳಿಸಲಾಗದು. ಭಗವಾನ್ ಸಿಂಗ್ ಸತ್ತರು. ನಾಯಕ್ ಲಾಲ್ ಸಿಂಗ್‌ಗೆ ದೊಡ್ಡ ಗಾಯ. ಕೊನೆಯದು, ಯಂತ್ರ ಬಿಚ್ಚಿಟ್ಟು ಬಂದೂಕು ಹಿಡಿಯಲು ಅಪ್ಪಣೆ ಬೇಕು. ಅಪ್ಪಣೆ ಬಂತು. ಗುರ್ಮುಖ್ ಸಿಂಗ್ ಯಂತ್ರವನ್ನು ತೊಗಲಿನ ಚೀಲಕ್ಕೆ ತುಂಬಿ ಕೆಳಗಿಳಿದರು ಎಂಬ ಸಂಗತಿ ಎಲ್ಲ ವೃತ್ತಾಂತಗಳಲ್ಲೂ ಇದೆ.

ಆ ಕ್ಷಣದ ಆಚೆಗೆ ಒಳಗಿನಿಂದ ಹೇಳಿದವರು ಯಾರೂ ಇಲ್ಲ. ಈ ಗೆರೆ ಬಹಳ ಮುಖ್ಯ. ಅಲ್ಲಿಯವರೆಗಿನದು ಸಿಗ್ನಲ್ ಮೂಲಕ ಬಂದ ಸುದ್ದಿ ಮತ್ತು ಎರಡು ಕೋಟೆಗಳಿಂದ ಕಂಡದ್ದು; ಅದರ ನಂತರದ್ದು ಹೊರಗಿನಿಂದ ಕಂಡದ್ದು ಮತ್ತು ಆಮೇಲೆ ಪಠಾಣರು ಹೇಳಿದ್ದು. ಗಾರ್ಡ್‌ರೂಮಿನ ಬಾಗಿಲು ಹಾಕಿಕೊಂಡು ಒಳಗಿನಿಂದ ಇಪ್ಪತ್ತು ಮಂದಿಯನ್ನು ಉರುಳಿಸಿ, ಕಟ್ಟಡಕ್ಕೆ ಬೆಂಕಿ ಹಚ್ಚಿದಾಗ ಸುಟ್ಟು ಸತ್ತ ಸಿಪಾಯಿಯ ಕಥೆ ಈ ಎರಡನೆಯ ಬಗೆಯದು. ಕೆಲವು ವೃತ್ತಾಂತಗಳಲ್ಲಿ ಆತನಿಗೆ ಹೆಸರಿಲ್ಲ, ಕೆಲವದರಲ್ಲಿ ಆತನೇ ಗುರ್ಮುಖ್ ಸಿಂಗ್. ಗೋಡೆ ಒಡೆದ ಮೇಲೆ ಈಶರ್ ಸಿಂಗ್ ಉಳಿದವರನ್ನು ಒಳಸುತ್ತಿಗೆ ಕಳಿಸಿ ತಾವು ಹಿಂದೆ ನಿಂತು ಹೋರಾಡಿದರು ಎಂಬುದೂ ಹೀಗೆಯೇ ಬಂದ ಮಾತು. ಬರೆಯಬಾರದು ಎಂದೇನಿಲ್ಲ. 'ಎನ್ನಲಾಗಿದೆ' ಎಂದು ಒಂದು ಪದ ಸೇರಿಸಿ ಬರೆಯಿರಿ.

ಕೈಯಲ್ಲಿದ್ದ ಬಂದೂಕು ಮಾರ್ಟಿನಿ ಹೆನ್ರಿ. ಬ್ರಿಟಿಷ್ ಸೈನ್ಯ ಅದನ್ನು ಒಪ್ಪಿಕೊಂಡದ್ದು 1871ರಲ್ಲಿ. 1897ರ ಹೊತ್ತಿಗೆ ಗೋರಾ ಪಲ್ಟನ್ನುಗಳಿಗೆ ಒಮ್ಮೆಗೆ ಹಲವು ತೋಟಾ ಹಿಡಿಯುವ ಮ್ಯಾಗಜಿನ್ ಇದ್ದ ಲೀ ಮೆಟ್‌ಫರ್ಡ್ ಬಂದೂಕು ಸಿಕ್ಕಿತ್ತು. 1857ರ ನಂತರ ದೇಶಿ ಸಿಪಾಯಿಯ ಕೈಗೆ ಒಂದು ತಲೆಮಾರು ಹಿಂದಿನ ಬಂದೂಕನ್ನೇ ಕೊಡುವುದು ಸರಕಾರದ ನೀತಿಯಾಗಿತ್ತು. ಮಾರ್ಟಿನಿಯಲ್ಲಿ ಒಮ್ಮೆಗೆ ಒಂದೇ ತೋಟಾ. ಹಿಡಿಕೆಯ ಕೆಳಗಿನ ಲಿವರನ್ನು ಕೆಳಕ್ಕೆ ಎಳೆದರೆ ಒಳಗಿನ ಅಚ್ಚು ಇಳಿದು ಖಾಲಿ ತೋಟಾ ಹಿಂದಕ್ಕೆ ಹಾರುತ್ತದೆ, ಹೊಸದನ್ನು ಕೈಯಲ್ಲೇ ತುರುಕಬೇಕು, ಲಿವರ್ ಮೇಲೆತ್ತಿದರೆ ಬಂದೂಕು ಮತ್ತೆ ಹಾರಿಸಲು ಸಿದ್ಧ. ಪಳಗಿದವನು ನಿಮಿಷಕ್ಕೆ ಹತ್ತು ಹನ್ನೆರಡು ಹಾರಿಸಬಲ್ಲ, ಆದರೆ ಬಹಳ ಹೊತ್ತಲ್ಲ. ಗುಂಡು 480 ಗ್ರೇನಿನದು, ಅಂದರೆ ಸುಮಾರು 31 ಗ್ರಾಂ. ಒದೆತ ಜೋರು, ನೂರು ಸುತ್ತು ಹಾರಿಸಿದವನ ಭುಜ ಕಪ್ಪಾಗುತ್ತದೆ. ಕಪ್ಪು ಮದ್ದಿನ ಹೊಗೆ ಕಿಂಡಿಯ ಮುಂದೆ ಕಟ್ಟಿಕೊಂಡು ಗುರಿ ಕಾಣದಂತೆ ಮಾಡುತ್ತದೆ, ಕಿಂಡಿ ಎಲ್ಲಿದೆ ಎಂದು ಎದುರಿನವನಿಗೆ ತೋರಿಸಿಯೂ ಕೊಡುತ್ತದೆ. ನಳಿಗೆಯೊಳಗೆ ಕಿಟ್ಟ ಕಟ್ಟಿದಂತೆ ಒದೆತ ಇನ್ನೂ ಹೆಚ್ಚು. ನಳಿಗೆ ಕಾದರೆ ಕೈಯಿಂದ ಹಿಡಿಯಲಾಗದು. ಹಿತ್ತಾಳೆಯ ತಗಡು ಸುತ್ತಿ ಮಾಡಿದ ಹಳೆಯ ಬಗೆಯ ತೋಟಾಗಳಂತೂ ಕಾದ ನಳಿಗೆಯಲ್ಲಿ ಕಚ್ಚಿಕೊಂಡು ಲಿವರ್ ಎಳೆದರೂ ಬರುತ್ತಿರಲಿಲ್ಲ.

ಈಗ ಲೆಕ್ಕ ಹಾಕಿ. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರೂವರೆಯವರೆಗೆ ಆರೂವರೆ ಗಂಟೆ, 390 ನಿಮಿಷ. ನಿಮಿಷಕ್ಕೆ ಒಂದೇ ಗುಂಡು ಎಂದರೂ ತಲೆಗೆ 390 ಗುಂಡು. ಅವುಗಳ ಸೀಸದ ತೂಕವೇ ಹನ್ನೆರಡು ಕಿಲೋ. 'ಇಡೀ ದಿನ ಎಡೆಬಿಡದೆ ಗುಂಡಿನ ಸುರಿಮಳೆ' ಎಂದು ಬರೆಯುವವರು ಈ ಲೆಕ್ಕ ಹಾಕಿಲ್ಲ. ತೋಟಾ ಉಳಿಸಿ, ಹೊಗೆ ತಿಳಿಯಾಗಲು ಕಾದು, ಗುಂಪಾಗಿ ಬಂದಾಗ ಮಾತ್ರ ಹಾರಿಸುವ ಶಿಸ್ತು ಇಲ್ಲದಿದ್ದರೆ ಇಪ್ಪತ್ತೊಂದು ಮಂದಿ ಒಂದು ಗಂಟೆಯೂ ನಿಲ್ಲುತ್ತಿರಲಿಲ್ಲ. ಹವಾಲ್ದಾರನ ಕೆಲಸ ಎಂದರೆ ಇದೇ: ಯಾವ ಕಿಂಡಿಗೆ ಯಾರು, ಯಾವಾಗ ಹಾರಿಸಬೇಕು, ಯಾವಾಗ ಸುಮ್ಮನಿರಬೇಕು, ಗಾಯಗೊಂಡವನ ತೋಟಾಚೀಲ ಯಾರಿಗೆ. ಈಶರ್ ಸಿಂಗ್ ಅವರ ಇಪ್ಪತ್ತು ವರ್ಷದ ಸರ್ವೀಸು ಕಾಣಿಸುವುದು ಇಲ್ಲಿ. ಕತ್ತಿ ಬೀಸುವ ಚಿತ್ರಕ್ಕಿಂತ ಇದು ದೊಡ್ಡದು ಎಂದು ನಮ್ಮ ಅಭಿಪ್ರಾಯ.

ಠಾಣೆ ಬಿದ್ದದ್ದು ಹೇಗೆ? ಬಾಗಿಲ ಮೇಲೆ ನುಗ್ಗಿದ ಎರಡು ದಾಳಿಗಳು ವಿಫಲವಾದವು. ಪಠಾಣರು ಪೊದೆಗಳಿಗೆ ಬೆಂಕಿ ಹಚ್ಚಿ ಹೊಗೆಯ ಮರೆ ಮಾಡಿಕೊಂಡರು. ಶರಣಾದರೆ ಬಿಟ್ಟುಬಿಡುತ್ತೇವೆ ಎಂದೂ ಕೂಗಿ ನೋಡಿದರು ಎಂಬುದಿದೆ. ಕೊನೆಗೆ ಕೆಲಸ ಮಾಡಿದ್ದು ಕಟ್ಟಡದ ದೋಷ. ಗೋಡೆಯ ಕಿಂಡಿಯಲ್ಲಿ ಬಂದೂಕನ್ನು ಒಂದು ಮಿತಿಗಿಂತ ಕೆಳಕ್ಕೆ ಬಗ್ಗಿಸಲು ಆಗುವುದಿಲ್ಲ. ಹಾಗಾಗಿ ಗೋಡೆಯ ಬುಡಕ್ಕೇ ಬಂದು ಅಂಟಿಕೊಂಡವನಿಗೆ ಅದೇ ಗೋಡೆಯ ಕಿಂಡಿಯಿಂದ ಗುಂಡು ತಗಲದು. ಮೂಲೆಯಲ್ಲಿ ಹೊರಕ್ಕೆ ಚಾಚಿದ ಕೊತ್ತಳದಿಂದ ಅಡ್ಡಲಾಗಿ ಹೊಡೆಯಬೇಕು. ಹಳೆಯ ಕೋಟೆ ಕಟ್ಟಿದವರೆಲ್ಲ ಕೊತ್ತಳಗಳನ್ನು ಹೊರಚಾಚಿ ಕಟ್ಟಿದ್ದು ಇದಕ್ಕೇ. ಸಾರಾಗಢಿಯ ಒಂದು ಮೂಲೆ ಯಾವ ಕಿಂಡಿಗೂ ಕಾಣದ ಸತ್ತ ಮೂಲೆಯಾಗಿತ್ತು. ಅಲ್ಲಿ ಸೇರಿಕೊಂಡವರು ಗೋಡೆಯ ಬುಡವನ್ನು ಅಗೆದು ಕಲ್ಲು ಸಡಿಲಿಸಿದರು. ಇದು ಗುಲಿಸ್ತಾನ್ ಕೋಟೆಯಲ್ಲಿದ್ದ ಮೇಜರ್ ದೆ ವೋ ಅವರಿಗೆ ಕಾಣುತ್ತಿತ್ತು. ಅವರು ಸಿಗ್ನಲ್ ಕೊಟ್ಟು ಎಚ್ಚರಿಸಲು ನೋಡಿದರು. ಸಾರಾಗಢಿಯಲ್ಲಿ ಯಾರೂ ಗಮನಿಸಲಿಲ್ಲ. ಒಬ್ಬನೇ ಸಿಗ್ನಲರ್ ಪೂರ್ವಕ್ಕೆ ಮುಖ ಮಾಡಿ ಲಾಕ್‌ಹಾರ್ಟಿನ ಜೊತೆ ಮಾತಾಡುತ್ತಿದ್ದರೆ ಪಶ್ಚಿಮದ ಹೊಳಪನ್ನು ನೋಡುವವರು ಯಾರು? ಲಾಕ್‌ಹಾರ್ಟಿನಿಂದ ಸಣ್ಣ ತುಕಡಿ ಹೊರಟು ಶತ್ರುವಿನ ಗಮನ ಸೆಳೆಯಲು ನೋಡಿದರೂ ಪ್ರಯೋಜನವಾಗಲಿಲ್ಲ. ಗೋಡೆ ಕುಸಿಯಿತು.

ನಮ್ಮ ಪುಸ್ತಕಗಳಲ್ಲಿ ಈ ಮೂಲೆಯ ಪ್ರಸ್ತಾಪ ಇರುವುದೇ ಅಪರೂಪ. 'ಹತ್ತು ಸಾವಿರ ಮಂದಿ ಏಕಕಾಲಕ್ಕೆ ನುಗ್ಗಿ' ಎಂದು ಮುಗಿಸಿಬಿಡುತ್ತಾರೆ. ಹತ್ತು ಸಾವಿರ ಮಂದಿ ಏಕಕಾಲಕ್ಕೆ ನುಗ್ಗಲು ಆ ಬೆಟ್ಟದ ಏಣಿನಲ್ಲಿ ಜಾಗವೇ ಇಲ್ಲ.

ಸಂಖ್ಯೆಗಳ ವಿಷಯಕ್ಕೆ ಬಂದರೆ, ದಾಳಿಕೋರರು ಹತ್ತು ಸಾವಿರದಷ್ಟಿದ್ದರು ಎಂಬುದು ದೂರದಿಂದ ನೋಡಿ ಮಾಡಿದ ಅಂದಾಜು. 'ಸುಮಾರು' ಎಂಬ ಪದ ಬಿಡದೆ ಬಳಸಿ. ಸತ್ತ ಪಠಾಣರು ಎಷ್ಟು? ತಮ್ಮವರು 180 ಮಂದಿ ಸತ್ತರು ಎಂದು ಅವರೇ ಒಪ್ಪಿಕೊಂಡರು. ನೆರವಿನ ಪಡೆ ಬಂದಾಗ ಸುತ್ತ 600 ಹೆಣಗಳಿದ್ದವು ಎಂಬುದು ಇನ್ನೊಂದು ಲೆಕ್ಕ. ಆದರೆ ಸೆಪ್ಟೆಂಬರ್ 14ರಂದು ಠಾಣೆಯನ್ನು ಮರಳಿ ಹಿಡಿಯುವಾಗ ಬ್ರಿಟಿಷ್ ಫಿರಂಗಿಗಳು ಅಲ್ಲಿಗೆ ಗುಂಡು ಹಾಕಿದ್ದವು, ಆ ಸಾವುಗಳೂ ಅದರಲ್ಲಿ ಸೇರಿವೆ. 4,800 ಎಂಬುದು ಮಾತ್ರ ಎಲ್ಲಿಗೂ ಹೊಂದುವುದಿಲ್ಲ. ಇಪ್ಪತ್ತೊಂದರಿಂದ ಭಾಗಿಸಿ, ತಲೆಗೆ 228 ಬರುತ್ತದೆ. ಮಾರ್ಟಿನಿಯ ಬಗ್ಗೆ ಮೇಲೆ ಹೇಳಿದ್ದನ್ನು ನೆನೆದು ನೀವೇ ತೀರ್ಮಾನಿಸಿ. 180 ಎಂದೇ ಇಟ್ಟುಕೊಂಡರೂ ಒಬ್ಬೊಬ್ಬರಿಗೆ ಎಂಟೂವರೆ. ಅದು ಸಣ್ಣ ಸಂಖ್ಯೆ ಎಂದು ಯಾವ ಸೈನಿಕನೂ ಹೇಳಲಾರ.

ಪದಕದ ವಿಷಯದಲ್ಲಿ ಗೊಂದಲ ಎಲ್ಲಕ್ಕಿಂತ ಹೆಚ್ಚು. ಇಪ್ಪತ್ತೊಂದು ಮಂದಿಗೂ ಸಿಕ್ಕಿದ್ದು ಇಂಡಿಯನ್ ಆರ್ಡರ್ ಆಫ್ ಮೆರಿಟ್, ಮೂರನೇ ದರ್ಜೆ. ಆಗ ಅದರ ಹೆಸರು ಬರೀ ಆರ್ಡರ್ ಆಫ್ ಮೆರಿಟ್. 1902ರಲ್ಲಿ ಬ್ರಿಟನ್ನಿನಲ್ಲಿ ಅದೇ ಹೆಸರಿನ ಬೇರೊಂದು ಗೌರವ ಹುಟ್ಟಿದ ಮೇಲೆ ಈ ಹೆಸರಿನ ಮೊದಲಿಗೆ 'ಇಂಡಿಯನ್' ಸೇರಿಕೊಂಡಿತು. ಶುರು ಮಾಡಿದ್ದು ಈಸ್ಟ್ ಇಂಡಿಯಾ ಕಂಪನಿ, 1837ರಲ್ಲಿ. ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಬಂದದ್ದೇ 1856ರಲ್ಲಿ, ಅಂದರೆ ಇದಾಗಿ ಹತ್ತೊಂಬತ್ತು ವರ್ಷದ ನಂತರ. ಎಂಟು ಮೂಲೆಯ ನಕ್ಷತ್ರ, ನಡುವೆ ಅಡ್ಡಗತ್ತಿಗಳು, ಕಡುನೀಲಿ ಪಟ್ಟಿಗೆ ಕೆಂಪು ಅಂಚು. ಮೂರನೇ ದರ್ಜೆಯದು ಪೂರ್ತಿ ಬೆಳ್ಳಿ, ಎರಡನೆಯದು ಬೆಳ್ಳಿಯ ನಕ್ಷತ್ರಕ್ಕೆ ಚಿನ್ನದ ನಡುಭಾಗ, ಮೊದಲನೆಯದು ಚಿನ್ನ.

'ಮೂರನೇ ದರ್ಜೆ' ಎಂದು ಕಂಡ ಕೂಡಲೇ ಕೆಲವರು ಅದನ್ನು ಅವಮಾನವೆಂದು ತಿಳಿದು ಬಿಟ್ಟುಬಿಡುತ್ತಾರೆ, ಇನ್ನು ಕೆಲವರು 'ಮೊದಲ ದರ್ಜೆ' ಎಂದು ತಿದ್ದಿಬಿಡುತ್ತಾರೆ. ಎರಡೂ ತಪ್ಪು. ಈ ಗೌರವದ ನಿಯಮವೇ ಮೆಟ್ಟಿಲಿನದು. ಮೊದಲ ಸಾಹಸಕ್ಕೆ ಯಾರಿಗಾದರೂ ಸಿಗುವುದು ಮೂರನೇ ದರ್ಜೆಯೇ. ಅದನ್ನು ಪಡೆದವನು ಇನ್ನೊಮ್ಮೆ ಸಾಹಸ ತೋರಿದರೆ ಎರಡನೆಯದು, ಮತ್ತೊಮ್ಮೆ ತೋರಿದರೆ ಮೊದಲನೆಯದು. ಮೊದಲ ಸಾಹಸದಲ್ಲೇ ಪ್ರಾಣ ಕೊಟ್ಟವನಿಗೆ ಮೇಲಿನ ಮೆಟ್ಟಿಲು ಇಲ್ಲ.

'ವಿಕ್ಟೋರಿಯಾ ಕ್ರಾಸ್‌ಗೆ ಸಮ' ಎಂದು ಬರೆಯುವಾಗಲೂ ಒಂದು ವಾಕ್ಯ ಸೇರಿಸಬೇಕು. ಭಾರತೀಯ ಸಿಪಾಯಿಗೆ ವಿಕ್ಟೋರಿಯಾ ಕ್ರಾಸ್ ಕೊಡಲು ಅವಕಾಶವಾದದ್ದು 1911ರಲ್ಲಿ. ಮೊದಲು ಅದನ್ನು ಪಡೆದವರು ಖುದಾದಾದ್ ಖಾನ್, 1914ರ ಅಕ್ಟೋಬರ್ 31ರಂದು ಬೆಲ್ಜಿಯಮ್ಮಿನಲ್ಲಿ ತೋರಿದ ಸಾಹಸಕ್ಕೆ. 1897ರಲ್ಲಿ ಸಿಪಾಯಿಗಿದ್ದ ಅತಿ ದೊಡ್ಡ ಶೌರ್ಯ ಗೌರವ ಆರ್ಡರ್ ಆಫ್ ಮೆರಿಟ್, ಆ ಅರ್ಥದಲ್ಲಿ ಸಮ. ಬಣ್ಣದ ಆಧಾರದ ಮೇಲೆ ಬೇರೆ ಇಟ್ಟಿದ್ದರು ಎಂಬ ಅರ್ಥದಲ್ಲಿ ಸಮವಲ್ಲ. ಸತ್ತವರಿಗೆ ಈ ಗೌರವ ಕೊಡುವ ವಾಡಿಕೆಯೂ ಇರಲಿಲ್ಲ, ಸಾರಾಗಢಿಯವರಿಗೆ ಆ ವಾಡಿಕೆ ಮುರಿದರು.

'ಇತಿಹಾಸದಲ್ಲಿ ಇಡೀ ತುಕಡಿಗೆ ಗೌರವ ಸಿಕ್ಕಿದ್ದು ಇದೊಂದೇ ಸಲ' ಎಂಬ ವಾಕ್ಯವನ್ನೂ ಮರೆಯಿರಿ. 1879ರ ಸೆಪ್ಟೆಂಬರ್ 3ರಂದು ಕಾಬೂಲಿನಲ್ಲಿ ಬ್ರಿಟಿಷ್ ರಾಯಭಾರಿಯ ನಿವಾಸವಾದ ರೆಸಿಡೆನ್ಸಿಯನ್ನು ಕಾಯುತ್ತ ಮಡಿದ ಗೈಡ್ಸ್ ಎಂಬ ಪಡೆಯವರಿಗೂ ಒಟ್ಟಾಗಿ ಇದೇ ಗೌರವ ಸಿಕ್ಕಿತ್ತು. ಅವರಲ್ಲಿದ್ದ ಜಮಾದಾರ್ ಜೇವಂದ್ ಸಿಂಗ್ ಅವರ ಹೆಸರನ್ನು ಕೇಳಿರುವ ಕನ್ನಡ ಓದುಗರು ಎಷ್ಟು ಮಂದಿ?

ಗೌರವದ ಜೊತೆ ದುಡ್ಡೂ ಬರುತ್ತಿತ್ತು, ಅದನ್ನು ಹೇಳಲು ಸಂಕೋಚ ಬೇಡ. ಮೂರನೇ ದರ್ಜೆಗೆ ಸಂಬಳದ ಮೂರನೇ ಒಂದು ಪಾಲು ಹೆಚ್ಚುವರಿ, ಎರಡನೆಯದಕ್ಕೆ ಮೂರನೇ ಎರಡು ಪಾಲು, ಮೊದಲನೆಯದಕ್ಕೆ ಸಂಬಳ ಇಮ್ಮಡಿ. ಸತ್ತರೆ ಆ ಭತ್ಯೆ ಮೂರು ವರ್ಷ ವಿಧವೆಗೆ. 1895ರಲ್ಲಿ ಸಿಪಾಯಿಯ ತಿಂಗಳ ಸಂಬಳವನ್ನು ಏಳು ರೂಪಾಯಿಯಿಂದ ಒಂಬತ್ತಕ್ಕೆ ಏರಿಸಿದ್ದರು. ಅದರ ಮೂರನೇ ಒಂದು ಪಾಲು ಎಂದರೆ ತಿಂಗಳಿಗೆ ಮೂರು ರೂಪಾಯಿ. ಇದಲ್ಲದೆ ಸಾರಾಗಢಿಯ ಪ್ರತಿ ಕುಟುಂಬಕ್ಕೆ 500 ರೂಪಾಯಿ ನಗದು ಮತ್ತು ಎರಡು ಮುರಬ್ಬಾ, ಅಂದರೆ 50 ಎಕರೆ ಜಮೀನು ಕೊಟ್ಟರು. 500 ರೂಪಾಯಿ ಒಬ್ಬ ಸಿಪಾಯಿಯ ನಾಲ್ಕೂವರೆ ವರ್ಷದ ಸಂಬಳ. ನಮ್ಮ ವೀರಗಲ್ಲುಗಳನ್ನು ಓದಿದವರಿಗೆ ಇದು ಹೊಸದಲ್ಲ. ಊರಿಗಾಗಿ ಬಿದ್ದವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಎಷ್ಟು ಭೂಮಿ ಬಿಟ್ಟರು ಎಂಬುದನ್ನು ಆ ಶಾಸನಗಳು ಹೆಸರಿನ ಜೊತೆಗೇ ಕೆತ್ತಿವೆ. ಕಲ್ಲು ಕೆತ್ತಿದವರಿಗೆ ಇದ್ದ ಈ ಅಚ್ಚುಕಟ್ಟುತನ ಅಚ್ಚು ಹಾಕಿಸುವ ನಮಗೂ ಇರಲಿ.

ಉಳಿದ ಗಾಳಿಮಾತುಗಳನ್ನು ಬೇಗ ಮುಗಿಸುತ್ತೇವೆ. ಯುನೆಸ್ಕೋ ಹುಟ್ಟಿದ್ದು 1945ರಲ್ಲಿ, ಅದಕ್ಕೆ 'ಜಗತ್ತಿನ ಎಂಟು ಸಾಮೂಹಿಕ ಶೌರ್ಯಗಾಥೆಗಳು' ಎಂಬ ಪಟ್ಟಿ ಇಲ್ಲ. ವಿಕ್ಟೋರಿಯಾ ರಾಣಿ ಪಾರ್ಲಿಮೆಂಟಿನಲ್ಲಿ ನಿಂತು ಸಾರಾಗಢಿಯನ್ನು ಹೊಗಳಿದರು, ಸದಸ್ಯರೆಲ್ಲ ಎದ್ದು ನಿಂತರು ಎಂಬುದು ಎಲ್ಲೆಡೆ ಇದೆ. 1897ರ ಸೆಪ್ಟೆಂಬರಿನಲ್ಲಿ ಪಾರ್ಲಿಮೆಂಟಿನ ಅಧಿವೇಶನವೇ ಇರಲಿಲ್ಲ. ರಾಣಿ ಖುದ್ದಾಗಿ ಅಧಿವೇಶನ ತೆರೆಯಲು ಹೋದದ್ದು 1886ರಲ್ಲೇ ಕೊನೆ. ಫ್ರಾನ್ಸಿನ ಶಾಲೆಗಳಲ್ಲಿ ಸಾರಾಗಢಿಯ ಪಾಠವಿದೆ ಎನ್ನುವವರು ಆ ಪಠ್ಯಪುಸ್ತಕದ ಪುಟವನ್ನು ಒಮ್ಮೆ ತೋರಿಸಲಿ. ಪೇಟದ ಕೇಸರಿ ಬಣ್ಣ ಸಿನಿಮಾದ್ದು. ಗಡಿಯ ಕಾರ್ಯಾಚರಣೆಯಲ್ಲಿ ಇದ್ದ ಪಲ್ಟನ್ನಿನ ಬಟ್ಟೆ, ಪೇಟ ಎರಡೂ ಖಾಕಿ. ಪಂಜಾಬಿನ ಮಹಾರಾಜ ರಣಜಿತ್ ಸಿಂಗ್ ಅವರ ಖಾಲ್ಸಾ ಸೈನ್ಯಕ್ಕೂ ಈ ಯುದ್ಧಕ್ಕೂ ಸಂಬಂಧವಿಲ್ಲ, ಅವರು ತೀರಿಕೊಂಡದ್ದು 1839ರಲ್ಲಿ. ಕರ್ನಲ್ ಹಾಟನ್ ಹೆದರಿ ಸುಮ್ಮನೆ ಕೂತರು ಎಂದು ಬರೆಯುವವರಿಗೆ ಒಂದು ಮಾಹಿತಿ: ಅವರೂ ಐದು ತಿಂಗಳೊಳಗೆ, 1898ರ ಜನವರಿ 29ರಂದು, ಶಿನ್‌ಕಮರ್ ಕಣಿವೆಯಲ್ಲಿ ಗುಂಡಿಗೆ ಬಲಿಯಾದರು.

ಸ್ಮಾರಕಗಳ ಬಗ್ಗೆ ಬರೆಯುವುದಾದರೆ ಅಮೃತಸರದ ಸಾರಾಗಢಿ ಗುರುದ್ವಾರ 1902ರದು, ಫಿರೋಜ್‌ಪುರದ್ದು 1904ರದು. ಆ ಪಲ್ಟನ್ ಇಂದಿಗೂ ಇದೆ. 1922ರಲ್ಲಿ 11ನೇ ಸಿಖ್ ರೆಜಿಮೆಂಟಿನ 4ನೇ ಬೆಟಾಲಿಯನ್ ಆಗಿ, ಈಗ ಭಾರತೀಯ ಸೇನೆಯ 4 ಸಿಖ್ ಆಗಿ.

ಇನ್ನು ಹೆಸರುಗಳು. ಇಪ್ಪತ್ತೊಂದು ಹೆಸರನ್ನೂ ಅಚ್ಚು ಹಾಕಿ, ಅರ್ಧ ಪುಟ ಸಾಕು. ಆದರೆ ಹೆಸರಿನ ಪಕ್ಕದಲ್ಲಿ ಪಲ್ಟನ್ ಸಂಖ್ಯೆ ಇರಲೇಬೇಕು, ಏಕೆಂದರೆ ಪಟ್ಟಿಯಲ್ಲಿ ಜೀವನ್ ಸಿಂಗ್ ಮೂವರು. ರಾಮ್ ಸಿಂಗ್, ಭಗವಾನ್ ಸಿಂಗ್, ಗುರ್ಮುಖ್ ಸಿಂಗ್ ಇಬ್ಬಿಬ್ಬರು. ಭಗವಾನ್ ಸಿಂಗರ ಸಂಖ್ಯೆ 1257 ಮತ್ತು 1265. ಗುರ್ಮುಖ್ ಸಿಂಗರಲ್ಲಿ ಒಬ್ಬರು 814, ಇನ್ನೊಬ್ಬರು 1733. ಸಿಗ್ನಲರ್ ಈ ಎರಡನೆಯವರು. ಸಂಖ್ಯೆ ಇಲ್ಲದೆ ನಕಲು ಮಾಡುತ್ತ ಹೋದವರು 'ಎರಡು ಸಲ ಬಂದಿದೆ' ಎಂದು ತಾವೇ ತಿದ್ದಿಕೊಂಡು ಹದಿನಾರು ಹದಿನೇಳು ಹೆಸರಿಗೆ ಇಳಿಸಿದ ಪಟ್ಟಿಗಳು ಓಡಾಡುತ್ತಿವೆ. ನಾಲ್ಕೈದು ಮಂದಿ ಹೀಗೆ ಅಚ್ಚಿನ ತಪ್ಪಿನಲ್ಲಿ ಕಾಣೆಯಾಗುವುದು ನ್ಯಾಯವಲ್ಲ.

ಪಟ್ಟಿಯ ಕೊನೆಯಲ್ಲಿ ಇನ್ನೊಂದು ಹೆಸರು ಸೇರಿಸಿ. ಆ ಠಾಣೆಯಲ್ಲಿ ಸತ್ತವರು ಇಪ್ಪತ್ತೊಂದಲ್ಲ, ಇಪ್ಪತ್ತೆರಡು. ಪಲ್ಟನ್ನಿಗೆ ಸೇರಿದ, ಕಸ ಗುಡಿಸುವ ಕೆಲಸದ ಫಾಲೋವರ್, ಅಂದರೆ ಸೈನಿಕನಲ್ಲದ ಕೆಲಸಗಾರ, ಒಬ್ಬರಿದ್ದರು, ದಾಖಲೆಯಲ್ಲಿ ಹೆಸರು ದಾದ್. ಆರ್ಡರ್ ಆಫ್ ಮೆರಿಟ್ ಸೈನಿಕರಿಗೆ ಮಾತ್ರ, ಫಾಲೋವರ್‌ಗಳಿಗೆ ಇಲ್ಲ ಎಂಬ ನಿಯಮದಿಂದ ಅವರಿಗೆ ಪದಕ ಬರಲಿಲ್ಲ. ಪರೀಕ್ಷೆಯಲ್ಲಿ 'ಸಾರಾಗಢಿಯಲ್ಲಿ ಎಷ್ಟು ಮಂದಿಗೆ ಆರ್ಡರ್ ಆಫ್ ಮೆರಿಟ್ ಸಿಕ್ಕಿತು?' ಎಂದು ಕೇಳಿದರೆ ಉತ್ತರ 21. 'ಎಷ್ಟು ಮಂದಿ ಸತ್ತರು?' ಎಂದು ಕೇಳಿ ಅದಕ್ಕೂ 21 ಎಂದೇ ಕೀ ಉತ್ತರ ಕೊಡುವ ಕೈಪಿಡಿಗಳನ್ನು ಮುಂದಿನ ಮುದ್ರಣದಲ್ಲಿ ತಿದ್ದಿಕೊಡಿ.

ಇತಿ,
ಸೈನ್ಯದ ಇತಿಹಾಸದ ಕೆಲವು ಓದುಗರು